ಅಂಗೈ ನೋಡುವ ಇನ್ಸ್‌ಪೆಕ್ಟರು
ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಮಾತೂ ಸಾಲದು; ಓದುವವರು ಕ್ಷಮಿಸಬೇಕು. ನಮ್ಮ ಹೊಸಕೋಟೆಯ ತೊಗಲಿನ ಮಂಡಿಗೆ ತಿಂಗಳಿಗೊಮ್ಮೆ ಹೆಲ್ತ್ ಇನ್ಸ್‌ಪೆಕ್ಟರ್ ನರಸಿಂಗಯ್ಯನವರು ಬರುತ್ತಾರೆ, ಮೂಗಿಗೆ ಅತ್ತರಿನ ಕರವಸ್ತ್ರ ಒತ್ತಿಕೊಂಡು. ಯುದ್ಧದ ಬೂಟಿಗೆ ಹೋಗುವ ತೊಗಲಿಗೆ ಹುಳು ಬೀಳದಂತೆ ಇಲ್ಲಿ ಪಾಷಾಣದ ನೀರು ಸವರುತ್ತಾರೆ. ವರ್ಷಗಟ್ಟಲೆ ಸವರಿದವರ ಅಂಗೈಯಲ್ಲಿ ವಿಷದ ಗಂಟು ಎದ್ದಿದೆಯೇ ಎಂದು ನೋಡುವುದು ಅವರ ಕೆಲಸ. ಆದರೆ ಅವರು ಹೇಳುವುದು ಹಸ್ತರೇಖೆಯ ಭವಿಷ್ಯ. "ಏನಪ್ಪಾ ಗಂಗಣ್ಣ, ನಿನಗೆ ಎರಡನೇ ಮದುವೆ ಯೋಗ ಇದೆಯಲ್ಲೋ!" "ಮೊದಲನೇಳಿಗೆ ಹೇಳ್ಬ್ಯಾಡಿ ಬುದ್ಧೀ!" ಅವರ ಮಾತು ನಿಜವಾಗಿದ್ದರೆ ಮಂಡಿಯ ಕೂಲಿಗಳೆಲ್ಲ ಇಷ್ಟುಹೊತ್ತಿಗೆ ಆನೆ ಸಾಕಬೇಕಿತ್ತು, ಯಾರ ಮನೆಯಲ್ಲೂ ಮೇಕೆಯೂ ಇಲ್ಲ. ನಾನೂ ನಗುತ್ತಿದ್ದೆ. ಆದರೆ ಹಿಂದಿನ ಇನ್ಸ್‌ಪೆಕ್ಟರು ಕಾಯಿಲೆಯ ಮಾತೆತ್ತಿದಾಗ, ಕೆಲಸ ಹೋದೀತೆಂದು ಎಲ್ಲರೂ ಅಂಗೈ ತೋರಿಸದೆ ಮುಷ್ಟಿ ಬಿಗಿಹಿಡಿದಿದ್ದರು. ಭವಿಷ್ಯವೆಂದರೆ ಸಾಲುಗಟ್ಟಿ ಕೈ ಚಾಚುತ್ತಾರೆ. ನಿನ್ನೆ ಅಲ್ಲೇ ದುಡಿಯುವ ನಮ್ಮಮ್ಮನ ಸರದಿ ಬಂತು. ಅವರು ಕರವಸ್ತ್ರ ಜೇಬಿಗಿಟ್ಟು, ಅವಳ ಅಂಗೈಯ ಜೋಳದ ಕಾಳಿನಂಥ ಗಂಟುಗಳ ಮೇಲೆ ಮೆಲ್ಲಗೆ ಹೆಬ್ಬೆರಳಾಡಿಸಿದರು. "ನನ್ ಯೋಗ ಹೇಳ್ಲೇ ಇಲ್ವಲ್ಲ ಬುದ್ಧೀ?" ಎಂದಳು ಅಮ್ಮ. "ಪ್ರಯಾಣದ ಯೋಗ ಇದೆಯಮ್ಮ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ" ಎಂದರು, ನಗದೆ. ನಾಳೆ ಮೊದಲನೇ ಬಸ್ಸಿಗೆ ನಾನು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ.