ಕಣ್ಣಿನ ಡಾಕ್ಟರಿಗೆ ಹೇಳದ ಕೆಮ್ಮು

ಸುಂದ್ರಮ್ಮ ಶಹಾಪುರದ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು. ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಭತ್ತದ ಹಸಿರಿನ ಬೆನ್ನಿಗೇ ಚಳಿಜ್ವರವೂ ಊರೂರು ಹೊಕ್ಕಿತ್ತು. ಜ್ವರದವರು, ಉಬ್ಬಸದವರು ವಹಾಬ ಡಾಕ್ಟರ ಕೋಣೆಯ ಮುಂದೆ ಸಾಲುಗಟ್ಟುತ್ತಿದ್ದರು. ಸುಂದ್ರಮ್ಮನ ಪಾಲಿಗೆ ಬರುತ್ತಿದ್ದುದು ಹಸಿರು ಬಟ್ಟೆ ಹೊದ್ದು ಮಲಗಿದ ದೇಹ, ಬಟ್ಟೆಯ ತೂತಿನಲ್ಲಿ ಒಂದೇ ಒಂದು ಕಣ್ಣು. ಆ ಕೆಲಸ ಅವಳಿಗೆ ಪ್ರೀತಿಯದೇ. ಆದರೂ ಬಟ್ಟೆಯ ಕೆಳಗಿನ ಮನುಷ್ಯರಿಗಾಗಿ ಜೀವ ತುಡಿಯುತ್ತಿತ್ತು. ಓದುವ ಕಾಲದಲ್ಲಿ ಎದೆಬಡಿತ ಕೇಳುತ್ತ ಮೈಮರೆಯುತ್ತಿದ್ದ ಕಿವಿ ಈಗ ಮಂದವಾಗುತ್ತಿದೆಯೇನೋ ಎಂಬ ಅಂಜಿಕೆ ಬೇರೆ. ಅದಕ್ಕೇ ಆಪರೇಷನ್ ಇಲ್ಲದ ದಿನ ವಹಾಬರ ಪಕ್ಕದಲ್ಲಿ ಹೋಗಿ ಕೂರುತ್ತಿದ್ದಳು.

"ಬರ್ರಿ ಡಾಕ್ಟರಬಾಯಿ, ಕಣ್ಣಾಗ ಎದಿಬಡಿತ ಕೇಳಸವಲ್ದೇನ್ರಿ?" ಎಂದು ನಗುತ್ತಲೇ ವಹಾಬರು ರೋಗಿಯ ಬೆನ್ನನ್ನು ಅವಳತ್ತ ತಿರುಗಿಸುತ್ತಿದ್ದರು.

ಆ ಚಳಿಗಾಲದಲ್ಲಿ ಕುರಿಗಾರರ ಮನೆಯ ಮುದುಕಿ ಭೀಮಮ್ಮ ಪೊರೆ ತೆಗೆಸಿಕೊಳ್ಳಲು ಬಂದಳು. ಕಣ್ಣು ಮಂಜಾದ ಮೇಲೂ ಹೊಲದ ದಾರಿ ಅವಳ ಕಾಲಿಗೆ ಗೊತ್ತಿತ್ತು. ಕಾಲುವೆ ಆ ದಾರಿಯನ್ನೇ ಕಡಿದು ಹರಿಯಿತು. ಎಲ್ಲಿ ದಂಡೆ, ಎಲ್ಲಿ ನೀರು ತಿಳಿಯದೆ ಮುದುಕಿ ಮನೆ ಹಿಡಿದಿದ್ದಳು.

ಕಣ್ಣು ನೋಡಲು ಬಗ್ಗಿದ ಸುಂದ್ರಮ್ಮನಿಗೆ ಲವಂಗದ ವಾಸನೆ ಬಡಿಯಿತು.

"ಲವಂಗ ಯಾಕ ಹಿಡದಿ ಆಯಿ?"

"ಹಲ್ಲ ಬ್ಯಾನಿ ಯವ್ವ."

"ಬಾಯಾಗ ಒಂದ ಹಲ್ಲಿಲ್ಲ, ಬ್ಯಾನಿ ಎಲ್ಲಿಂದ ಬಂತು?"

ಸಿಕ್ಕಿಬಿದ್ದ ಭೀಮಮ್ಮನಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಕೆಮ್ಮುವವರಿಗೆ ಆಪರೇಷನ್ ಮಾಡುವುದಿಲ್ಲವೆಂದು ಊರಲ್ಲಿ ಯಾರೋ ಹೇಳಿದ್ದರಂತೆ, ಅದಕ್ಕೇ ಕೆಮ್ಮು ತಡೆಯಲು ಲವಂಗ. ಸುಂದ್ರಮ್ಮ ಸ್ಟೆತಾಸ್ಕೋಪು ತಂದು ಬೆನ್ನಿಗಿಟ್ಟಳು. ಬಲಗಡೆ ಮೇಲುಭಾಗದಲ್ಲಿ ಹಸಿಹಸಿ ಗರಗರ. ಕಫದ ಪರೀಕ್ಷೆಯಲ್ಲಿ ಕ್ಷಯ ಕಂಡಿತು.

"ಮೊದಲ ಗುಳಿಗಿ ತಗೊ ಆಯಿ. ಆಪರೇಷನ್ ನಡದಾಗ ಕೆಮ್ಮಿದಿ ಅಂದ್ರ ಕಣ್ಣೇ ಹೋಗ್ತದ."

"ನೀ ಕಣ್ಣಿನಾಕಿ, ಕಣ್ಣ ನೋಡು. ನನ್ನ ಎದಿ ಗೊಡವಿ ನಿನಗ್ಯಾಕ?"

ಮಗ ಅಮೋಘಸಿದ್ದನ ಹೆಗಲು ಹಿಡಿದು ಮುದುಕಿ ಹೊರಟೇಹೋದಳು.

ಗುಳಿಗೆ ಒಯ್ಯಲು ಮಗನೊಬ್ಬನೇ ಬರುತ್ತಿದ್ದ. "ನುಂಗತಾಳೇನಪ್ಪ?" ಎಂದರೆ, "ನುಂಗತಾಳ್ರಿ, ನಿಮಗ ಬೈಕೋತ ನುಂಗತಾಳ" ಎನ್ನುತ್ತಿದ್ದ. ಸುಂದ್ರಮ್ಮ ನಗುತ್ತಿದ್ದಳು. ತಾನು ಮಾಡಿದ್ದು ಸರಿಯೆಂದು ಗೊತ್ತಿದ್ದೂ ಅವಳ ನೋಟ ಬಾಗಿಲ ಕಡೆಗೇ ಹೋಗುತ್ತಿತ್ತು. ಎಷ್ಟೋ ಮುದುಕಿಯರು ಬಂದರು, ಕಣ್ಣು ತೆರೆದರು, ಕೈಮುಗಿದು ಹೋದರು. ಇವಳು ಬರಲಿಲ್ಲ.

ಬೇಸಿಗೆ ಇಳಿಯುವ ಹೊತ್ತಿಗೆ ಒಂದು ಮುಂಜಾನೆ ಗೋಡೆ ಸವರುತ್ತ ಭೀಮಮ್ಮ ಒಳಗೆ ಬಂದಳು. ಕೆನ್ನೆಗಳು ತುಂಬಿಕೊಂಡಿದ್ದವು.

"ಕಣ್ಣಿನಾಕಿ ಇದ್ದಾಳೇನು?"

"ಇದ್ದೀನಿ ಆಯಿ, ಕೂಡು. ಕೆಮ್ಮು?"

"ಹೋಯ್ತು. ಅದನ್ನ ಹಿಡದಾಕಿ ನೀನ ಅಲ್ಲೇನು? ಈಗ ಉಳದದ್ದೂ ಕೇಳು. ಮೊಣಕಾಲ ಹಿಡದಾವ. ಉಂಡದ್ದು ಅರಗವಲ್ದು. ಎಡಗೈ ಜುಮ್ ಅಂತದ. ಸೊಸಿ ಮಾತಂತೂ ಸೇರವಲ್ದು, ಅದಕ್ಕೇನರ ಗುಳಿಗಿ ಅದ ಏನು?"

ಹೊರಗೆ ಕಣ್ಣಿನವರ ಸಾಲು ಬೆಳೆಯುತ್ತಿತ್ತು. ಸುಂದ್ರಮ್ಮ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಮುದುಕಿಯ ಎಡಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ಒಂದೊಂದ ಹೇಳ ಆಯಿ. ಕಣ್ಣ ಆಮ್ಯಾಲ ನೋಡೂಣು."