ಕಪ್ಪಾದ ಬೆಳ್ಳಿ ನಾಣ್ಯ

ನಮ್ಮೆಲ್ಲರ ಭಾರವನ್ನು ಹೊತ್ತು ಸಹಿಸಿರುವ ಭೂದೇವಿಗೆ, ಅವಳು ಕರುಣಿಸಿದ ಪ್ರತಿಯೊಂದು ಮುಂಜಾವಿಗೆ ಮೊದಲ ವಂದನೆ.

ಗೌರಿಹಬ್ಬಕ್ಕೆಂದು ಪೂಜೆಯ ಬೆಳ್ಳಿಯನ್ನು ವಿಭೂತಿಯಿಂದ ಉಜ್ಜುತ್ತಿದ್ದೆ. ದೇವರ ಪೆಟ್ಟಿಗೆಯ ತಳದಲ್ಲಿ ಲಕ್ಷ್ಮಿಯ ನಾಣ್ಯವೊಂದು ಕೈಗೆ ಸಿಕ್ಕಿತು, ಮಸಿಯಂತೆ ಕಪ್ಪು. ಬೆರಳು ಅಲ್ಲೇ ನಿಂತಿತು...

ಕಡಲಾಚೆಯ ರೊಟೊಟೂನ ಊರಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಮೈಸೂರಿನವರು. ಜ್ವಾಲಾಮುಖಿಯನ್ನು ಕಾಯುವುದು ಅವರ ಉದ್ಯೋಗ. ನೆಲದ ಕಂಪನ, ಶಿಖರದ ಕೆರೆಯ ಕಾವು, ಬಿರುಕುಗಳಿಂದೇಳುವ ಗಂಧಕದ ಹಬೆ, ಇವನ್ನೆಲ್ಲ ಅಳೆದು ಬುಡದ ಊರನ್ನು ಎಚ್ಚರಿಸಬೇಕಿತ್ತು. ರಕ್ಷೆಗೆಂದು ನಾನು ಕೊಟ್ಟ ಈ ನಾಣ್ಯ ಅವರ ಜೇಬಿನಲ್ಲೇ ಬೆಟ್ಟ ಹತ್ತಿ, ಆ ಹಬೆಗೆ ಕಪ್ಪಾಗುತ್ತಿತ್ತು. ಮರಳಿದೊಡನೆ ಬೇಲಿಯಾಚೆಯಿಂದ ಕೂಗುತ್ತಿದ್ದರು: "ಅಂಕಲ್, ನಿಮ್ಮ ಲಕ್ಷ್ಮಿ ಮತ್ತೆ ಕಪ್ಪಗಾದ್ಲು! ಸನ್‌ಸ್ಕ್ರೀನ್ ಹಚ್ಚಿ ಕಳಿಸ್ಬಾರ್ದಾ?" ನಾನು ಉಜ್ಜಿ, ಬೆಳ್ಳಗೆ ಮಾಡಿ ಹಿಂದಿರುಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಆಕೆ ಬಾಗಿಲಿಗೆ ಬಂದರು. ಶಿಖರದ ಕಂಪನಮಾಪಕ ಕೆಟ್ಟುನಿಂತಿತ್ತು.

"ನೀವೇ ಹೋಗ್ಬೇಕಾ ತಾಯಿ?"

"ಅದಿಲ್ದೆ ಬೆಟ್ಟದ ನಾಡಿ ಸಿಗಲ್ಲ ಅಂಕಲ್. ಕೆಳಗಿರೋರಿಗೆ ಹೇಳೋರ್ಯಾರು? ಅಪಾಯ ಕಮ್ಮಿ ಅಂತ ಲೆಕ್ಕ ಹಾಕಿಯೇ ಹೊರಟಿದೀವಿ."

ಪಂಚಾಂಗ ತೆರೆದು, ಗಳಿಗೆ ಒಳ್ಳೆಯದಿದೆ ಎಂದೆ. ಆಕೆ ನಕ್ಕರು. "ನಿಮ್ಮ ಗ್ರಹಣ ಹೇಳಿದ ನಿಮಿಷಕ್ಕೆ ಬರುತ್ತೆ. ನನ್ನ ಬೆಟ್ಟ ಅಷ್ಟು ಒಳ್ಳೇ ಹುಡುಗ ಅಲ್ಲ."

ನಾಣ್ಯ ನನ್ನ ಬಳಿಯೇ ಇತ್ತು; ಹಿಂದಿನ ಬಾರಿಯ ಕಪ್ಪನ್ನು ನಾನಿನ್ನೂ ಉಜ್ಜಿರಲಿಲ್ಲ. "ಬಂದ್ಮೇಲೆ ತಗೋತೀನಿ ಬಿಡಿ" ಎಂದು ತಮ್ಮ ಯೂಟ್ ಗಾಡಿ ಹತ್ತಿದರು.

ಮಾಪಕ ಎತ್ತರದ ದಿಣ್ಣೆಯ ಮೇಲಿತ್ತು. ಇಳಿಯುವ ದಾರಿ ಕೆರೆಯ ಅಂಚಿನಲ್ಲಿತ್ತು. ಕೆಲಸ ಮುಗಿಸಿ, ಜೊತೆಯವರನ್ನು ಮುಂದೆ ಬಿಟ್ಟು ಆಕೆ ಇಳಿಯುತ್ತಿದ್ದಾಗ, ಯಾವ ಸುಳಿವನ್ನೂ ಕೊಡದೆ ಕೆರೆ ಸಿಡಿಯಿತಂತೆ... ನಾನು ಪಂಚಾಂಗವನ್ನು ತೊಡೆಯ ಮೇಲಿಟ್ಟುಕೊಂಡು ರೇಡಿಯೊದ ಮುಂದೆ ಕುಳಿತಿದ್ದೆ. ಬಾಲ್ಯದಿಂದ ಕಲಿತ ಮಂತ್ರಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಒಳ್ಳೆಯ ಗಳಿಗೆ ಎಂದವನು ನಾನೇ.

ಕೆಲವು ವಾರಗಳ ನಂತರ ಬೆಟ್ಟ ಮತ್ತೆ ನಡುಗಿದಾಗ, ಆಕೆ ಸರಿಪಡಿಸಿದ ಆ ಮಾಪಕವೇ ಮೊದಲು ತಿಳಿಸಿತು. ಎಚ್ಚರಿಕೆ ಹೊರಟು, ಬುಡದ ಊರು ಸಕಾಲಕ್ಕೆ ಖಾಲಿಯಾಯಿತು. ಒಬ್ಬರಿಗೂ ಏನೂ ಆಗಲಿಲ್ಲ. ಬೇಲಿಯವರೆಗೆ ನಡೆದುಹೋದೆ, ಕೂಗಿ ಹೇಳಬೇಕೆಂದು... ಆಚೆ ಬಟ್ಟೆ ಒಣಹಾಕುವ ಬರಿಯ ಹಗ್ಗ ತೂಗುತ್ತಿತ್ತು.

ಅಂದಿನಿಂದ ನಾನು ಯಾರಿಗೂ ಗಳಿಗೆ ನೋಡಿಲ್ಲ. ಇಂದು ನಾಣ್ಯವನ್ನು ಉಜ್ಜದೆಯೇ ದೇವರ ಬಳಿ ಇಟ್ಟೆ. ಅವರ ಬೆಟ್ಟದ ಕಪ್ಪು ಅದರ ಮೇಲಷ್ಟೇ ಉಳಿದಿದೆ.

ಶಿಖರ ಹತ್ತುವವರಿಗೆ, ಹಗಲಿರುಳು ಕಂಪನದ ಗೆರೆಯನ್ನು ಕಾಯುವವರಿಗೆ, ಎಚ್ಚರಿಕೆ ಕೇಳಿ ಮಕ್ಕಳನ್ನೆತ್ತಿಕೊಂಡು ಹೊರಟವರಿಗೆ, ಮರಳಿ ಬಾರದ ಆ ತಾಯಿಗೆ, ಭಗವಂತನು ಮಂಗಳವನ್ನುಂಟುಮಾಡಲಿ.