ಸರಾಸರಿಯಲ್ಲಿ ನಾನು ಸಂಭಾವಿತ

ಇವತ್ತು ಬೆಳಿಗ್ಗೆ ಹೆಬ್ಬಾಳದಲ್ಲಿ ಮುಂದಿದ್ದ ಲಾರಿಯಿಂದ ಬ್ರೇಕ್ ಕಾದ ವಾಸನೆ ಬಂತು. ಆ ವಾಸನೆಗೆ ನನಗೆ ವಸಂತಾ ಮೇಡಂ ನೆನಪಾಗುತ್ತಾರೆ. ನಾನು ಓಡಿಸುವ ಕಾಲೇಜು ಬಸ್ಸಿನಲ್ಲಿ ಬಾಗಿಲ ಪಕ್ಕ ಕೂರುತ್ತಿದ್ದರು. ಫಿಸಿಕ್ಸ್ ಪಾಠ ಮಾಡುತ್ತಿದ್ದವರು, ಈಗ ನಿವೃತ್ತರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಭಾಗಾಕಾರ ಮರೆತಿಲ್ಲ. ಇದನ್ನು ಬೇಕಾದಷ್ಟು ಜನರಿಗೆ ಹೇಳಿದ್ದೇನೆ, ನಿಮಗೂ ಹೇಳಿಬಿಡುತ್ತೇನೆ. ಇಷ್ಟು ವರ್ಷ ಸ್ಟೀರಿಂಗ್ ಹಿಡಿದು ಬಸ್ಸಿಗೆ ಒಂದು ಗೀರೂ ಬೀಳಿಸಿದವನಲ್ಲ. ಅಂಥವನು ಒಂದು ದಿನ ಅಮೃತಹಳ್ಳಿ ದಾಟಿದ ಮೇಲಿನ ನೇರ ರಸ್ತೆಯಲ್ಲಿ ಅರವತ್ತೆಂಟರಲ್ಲಿ ಹೋದನೆಂದು ಬಸ್ಸಿನ ವೇಗದ ಪೆಟ್ಟಿಗೆ ದಾಖಲಿಸಿತ್ತು. ನಮಗೆ ನಲವತ್ತೇ ಮಿತಿ.

ಟ್ರಾನ್ಸ್‌ಪೋರ್ಟ್ ಸಾಹೇಬರು ಕರೆಸಿದರು. "ನಾಳೆ ಒಳಗೆ ಉತ್ತರ ಬರ್ಕೊಡಿ. ಸರಿ ಇಲ್ಲಾಂದ್ರೆ ಕೀ ಇಟ್ಟು ಹೋಗ್ಬೇಕು."

ಟ್ರಿಪ್ ಶೀಟಿನ ಬೆನ್ನಿಗೆ ಲೆಕ್ಕ ಹಾಕಿದೆ. ಚಿಕ್ಕಬಾಣಾವರದಿಂದ ಕಾಲೇಜಿಗೆ ಇಪ್ಪತ್ನಾಲ್ಕು ಕಿಲೋಮೀಟರು. ಹಿಡಿದದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಅಂದರೆ ಗಂಟೆಗೆ ಹದಿನೆಂಟು. ಹದಿನೆಂಟರಲ್ಲಿ ಬಂದವನು ಅರವತ್ತೆಂಟರಲ್ಲಿ ಹೋಗುವುದು ಹೇಗೆ? ಪೆಟ್ಟಿಗೆ ಕೆಟ್ಟಿದೆ ಎಂದು ಬರೆದೆ. ಸಂಜೆ ದಾಸರಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತಾಗ ಮೇಡಂ ಕೈಗೆ ಕೊಟ್ಟೆ. ತಿದ್ದಲಿ ಎಂದಲ್ಲ, ಹೊಗಳಲಿ ಎಂದು.

"ಲೆಕ್ಕ ಸರಿ ಇದೆ ಕಣ್ರೀ," ಅಂದರು. ನಾನು ಮೀಸೆ ಮುಟ್ಟಿಕೊಂಡೆ.

"ಅವತ್ತು ಹೆಬ್ಬಾಳದಲ್ಲಿ ಎಷ್ಟ್ ಹೊತ್ತು ನಿಂತಿದ್ವಿ?"

"ಅರ್ಧ ಗಂಟೆ ಆಗಿತ್ತೇನೋ."

"ಆಗ ಸ್ಪೀಡೋಮೀಟರ್ ಮುಳ್ಳು ಎಷ್ಟರಲ್ಲಿತ್ತು?"

"ಸೊನ್ನೆ ಮೇಡಂ. ನಿಂತಿರೋ ಬಸ್ಸಲ್ವಾ."

"ಹಂಗಾದ್ರೆ ದಾರಿ ಪೂರ್ತಿ ಹದಿನೆಂಟರಲ್ಲಿ ಬಂದಿಲ್ಲ ನೀವು. ಸೊನ್ನೆನೂ ಇತ್ತು, ಅದನ್ನ ಸರಿದೂಗಿಸೋಕೆ ಹದಿನೆಂಟಕ್ಕಿಂತ ಜಾಸ್ತಿನೂ ಇತ್ತು. ನಿಮ್ಮದು ಇಡೀ ದಾರಿಯ ಸರಾಸರಿ ವೇಗ. ಪೆಟ್ಟಿಗೇದು ಆ ಒಂದು ಕ್ಷಣದ್ದು. ಯಾರಾದ್ರೂ ಅಡ್ಡ ಬಂದ್ರೆ ಬಸ್ಸು ಬಡಿಯೋದು ಯಾವುದರಲ್ಲಿ, ಹೇಳಿ?"

ನಾನು ಸಿಗ್ನಲ್ ನೋಡುತ್ತ ಕೂತೆ. ಅವತ್ತು ತಡವಾಗಿತ್ತು, ಖಾಲಿ ರಸ್ತೆ ಸಿಕ್ಕಿದ್ದೇ ಆಕ್ಸಿಲರೇಟರ್ ಒತ್ತಿದ್ದೆ. ಹಂಪ್ ಕಂಡು ಬ್ರೇಕ್ ತುಳಿದಾಗ ಲೈನರ್ ಕಾದ ವಾಸನೆ ಬಸ್ಸಿನೊಳಗೆಲ್ಲ ತುಂಬಿತ್ತು.

"ನಂಗೂ ವಾಸನೆ ಬಂದಿತ್ತು," ಅಂದರು ಮೇಡಂ, ಮೆಲ್ಲಗೆ.

ರಾತ್ರಿ ಆ ಲೆಕ್ಕ ಮತ್ತೆ ತೆಗೆದು ನೋಡಿದೆ. ಕೆಲಸ ಹೋಗುವುದಕ್ಕಿಂತ, ಸರಿಯಾದ ಲೆಕ್ಕ ಹಾಕಿ ಸುಳ್ಳು ಹೇಳಿದೆನಲ್ಲ ಎಂಬುದು ಚುಚ್ಚುತ್ತಿತ್ತು. ಬೆಳಿಗ್ಗೆ ಆ ಹಾಳೆ ಹರಿದು ಬರಿಗೈಲಿ ಸಾಹೇಬರ ಹತ್ತಿರ ಹೋದೆ.

"ಅರವತ್ತೆಂಟರಲ್ಲಿ ಹೋಗಿದ್ದು ನಿಜ ಸಾರ್. ಲೇಟಾಗಿತ್ತು."

ಸಾಹೇಬರು ಕನ್ನಡಕ ತೆಗೆದು ನೋಡಿದರು. "ಎಲ್ರೂ ಪೆಟ್ಟಿಗೆ ಕೆಟ್ಟಿದೆ ಅಂತಾನೇ ಬರಿಯೋದು. ಎಷ್ಟ್ ಮುಂಚೆ ಹೊರಟ್ರೆ ಸಾಕು ನಿಮಗೆ?"

"ಹತ್ತು ನಿಮಿಷ ಸಾರ್."

"ಹೊರಡಿ ಮತ್ತೆ. ಇನ್ನೊಂದ್ಸಲ ಆದ್ರೆ ಕೀ ನಾನೇ ಇಸ್ಕೋತೀನಿ."

ಅಂದಿನಿಂದ ಹತ್ತು ನಿಮಿಷ ಮುಂಚೆಯೇ ಬಸ್ಸು ಬಿಡುತ್ತೇನೆ. ಸರಾಸರಿ ಹದಿನಾರಕ್ಕೆ ಇಳಿದಿದೆ, ನಿದ್ದೆ ಚೆನ್ನಾಗಿ ಬರುತ್ತದೆ. ಇವತ್ತು ಅಮೃತಹಳ್ಳಿ ದಾಟಿದ್ದೇ ರಸ್ತೆ ಖಾಲಿ ಸಿಕ್ಕಿತು. ಹಿಂದಿನ ಸೀಟಿನಿಂದ ಒಬ್ಬ ವಿದ್ಯಾರ್ಥಿ ಕೂಗಿದ: "ಗುರು, ಎತ್ತಿನ ಗಾಡಿನಾ ಇದು?"

"ಹೂಂ ಮಗಾ, ಬೇಕಾದ್ರೆ ಇಳಿದು ತಳ್ಳು," ಅಂದೆ.

ಮುಳ್ಳು ಮೂವತ್ತೆಂಟರಲ್ಲಿತ್ತು. ಯಾವ ಕ್ಷಣದಲ್ಲಾದರೂ, ಯಾರಾದರೂ ಬಗ್ಗಿ ನೋಡಲಿ.